ಗರಸು ನೆಲದ ಮಾಗಳಿ

ಹಳೆಯ ಪೇಪರಿನ ಮೇಲೆ ಸುರಿದ ಮಣ್ಣನ್ನು ಲಿಖಿತಾ ಎರಡು ಬೆರಳಲ್ಲಿ ಉಜ್ಜಿ ನೋಡಿದಳು. ಮತ್ತೊಂದು ಚಿಟಿಕೆ ತೆಗೆದು ಉಜ್ಜಿದಳು. ಮೇಜಿನಾಚೆ ಸ್ಟೂಲಿನ ತುದಿಗೆ ಕೂತಿದ್ದ ಅವಳಪ್ಪ ಮಹಾದೇವಸ್ವಾಮಿ ಮಗಳ ಮುಖವನ್ನೇ ನೋಡುತ್ತಿದ್ದ.

"ಒಂದು ಕಲ್ಲಿಲ್ಲ ನೋಡು ಮಗಾ," ಎಂದ. "ಅಕ್ಕಿ ಆರಿಸ್ದಂಗೆ ಆರಿಸಿವ್ನಿ."

ನಂಜನಗೂಡಿನ ಗೊಬ್ಬರದಂಗಡಿಯೊಂದರ ಮಹಡಿಯ ಮೇಲೆ ಮಣ್ಣು ಪರೀಕ್ಷೆ ಮಾಡುವ ಸಣ್ಣ ಲ್ಯಾಬು ಅದು. ಮೂಲೆಯ ಸಿಂಕಿನಲ್ಲಿ ಬಾಟಲಿ ತೊಳೆಯುತ್ತಿದ್ದ ಮಹೇಂದ್ರ ಕತ್ತು ಚಾಚಿ ನೋಡಿ ನಕ್ಕ. "ನಮ್ಮನೆ ರಾಗಿಹಿಟ್ಟೂ ಇಷ್ಟು ನುಣ್ಣಗಿರಲ್ಲ ಸಾ. ಎಸ್ರಿಟ್ರೆ ಮುದ್ದೆನೇ ತಿರುವ್ಬುಡ್ಬೋದು."

ಮಹಾದೇವಸ್ವಾಮಿಗೆ ಅದು ಹೊಗಳಿಕೆಯಾಗಿಯೇ ಕೇಳಿಸಿತು. ಹೆಮ್ಮಿಗೆಯ ನಾಲೆ ನೀರಿನ ಗದ್ದೆಯಲ್ಲಿ ನಲವತ್ತು ವರ್ಷ ಭತ್ತ ಬೆಳೆದವನು. ಅಲ್ಲಿ ಕಾಲಿಗೊಂದು ಕಲ್ಲು ಸಿಕ್ಕರೆ, ಯಾವನೋ ದಾರಿಹೋಕ ಎಸೆದಿರಬೇಕೆಂದು ಬೈದು ಬದುವಿನಾಚೆ ಬಿಸಾಡುವುದು ರೂಢಿ.

ಲಿಖಿತಾ ಮಾತ್ರ ನಗಲಿಲ್ಲ. "ಇದು ಅಮ್ಮನ ಹೊಲದ್ದಲ್ವಾ ಅಪ್ಪಾ? ಕಲ್ಲು ಆರಿಸಿದ್ದು ಚೀಲದಲ್ಲಾ, ಹೊಲದಲ್ಲಾ?"

"ಒಲ್ದಲ್ಲೇ. ಉಗಾದಿಗೆ ಮುಂಚೆ ಐದು ದಿನ ಓಗಿ ನಿಂತಿದ್ದೆ. ಇಬ್ರು ಎಣ್ಣಾಳು ಬೇರೆ. ಮಂಕ್ರಿಗಟ್ಲೆ ಕಲ್ಲು, ಏಳ್ಬೇಡ. ಆವತ್ತು ನೋಡ್ಬೇಕಿತ್ತು ನೀನು, ಕಣ ಬಳ್ದಂಗಿತ್ತು."

"ಯಾಕಪ್ಪಾ ಆ ಕೆಲಸ ಮಾಡಿದೆ?"

"ಯಾಕೆ ಅಂದ್ರೆ? ನಿಮ್ಮವ್ವ ಇರೋಗಂಟ ಆ ಒಲದ್ ಕಡೆ ತಿರುಗಿ ನೋಡ್ನಿಲ್ಲ. ಈಗ್ಲಾದ್ರೂ ಒಪ್ಪ ಮಾಡಾನ ಅಂತ." ಅವನ ದನಿ ಸ್ವಲ್ಪ ಇಳಿಯಿತು. "ಆದ್ರೆ ಆ ಮಾಗಳಿ ಬಳ್ಳಿ ಯಾಕೋ ಎಲೆ ಅರಿಸ್ಣಕ್ಕೆ ತಿರುಗದೆ. ಅದ್ಕೇ ಮಣ್ಣು ತಂದೆ. ಏನ್ ಗೊಬ್ಬರ ಆಕ್ಬೇಕು ಬರ್ಕೊಡು, ಕೆಳಗ್ಲಂಗಡೀಲೇ ತಕಂಡು ಇವತ್ತೇ ಓಯ್ತೀನಿ."

ಲಿಖಿತಾ ಎದ್ದು ಗೂಡಿನಿಂದ ಒಂದು ಬಟ್ಟೆ ಚೀಲ ತಂದಳು. ಯಾರೋ ಬೆಟ್ಟದ ಸೀಮೆಯವರು ಕೊಟ್ಟುಹೋಗಿದ್ದ ಮಣ್ಣು. ಅದನ್ನು ಜರಡಿಗೆ ಸುರಿದು ಆಡಿಸಿದಳು. ಕೆಳಗೆ ಒಂದು ಹಿಡಿಯಷ್ಟು ಕೆಂಗಂದು ಪುಡಿ ಇಳಿಯಿತು. ಮೇಲೆ ಅಷ್ಟೇ ಗರಸು ಉಳಿಯಿತು. ಬಿಳಿಯವು, ತುಕ್ಕು ಬಣ್ಣದವು, ಕಡಲೆಕಾಳಿನಷ್ಟವು, ಹುಣಸೆಬೀಜದಷ್ಟವು.

"ನಾವಿಲ್ಲಿ ಜರಡಿ ಹಿಡಿಯೋದು ಪರೀಕ್ಷೆಗೆ ಅಪ್ಪಾ. ನೆಲಕ್ಕಲ್ಲ," ಎಂದಳು. "ಬೆಟ್ಟದ ಕಾಡಿನ ಮಣ್ಣು ಅಂದ್ರೆ ಅರ್ಧಕ್ಕರ್ಧ ಇದೇನೇ. ಒಂದು ಗೇಣು ಅಗೆದ್ರೆ ಬಂಡೆ. ನೀರು ನಿಲ್ಲದೆ ಸಂದೀಲಿ ಇಳಿದು ಹೋಗತ್ತೆ, ಅದಕ್ಕೇ ಬೇರು ಕೊಳೆಯಲ್ಲ. ತರಗು ಕೊಳೆತು ಒಂದಿಷ್ಟು ಕಪ್ಪು ಮಣ್ಣಾಗಿರುತ್ತಲ್ಲ, ಅದನ್ನ ಬಿಸಿಲಿಗೆ ಒಣಗದ ಹಾಗೆ, ಮಳೆಗೆ ಕೊಚ್ಚಿಹೋಗದ ಹಾಗೆ ಹಿಡ್ಕೊಂಡಿರೋದು ಈ ಕಲ್ಲೇ. ಅಶ್ವಿನಿ ಮಳೆ ಜೋರಾಗಿ ಹೊಡೀತಲ್ಲ, ಆಮೇಲೆ ಹೋಗಿ ನೋಡಿದ್ಯಾ?"

"ನಿನ್ನೆ ಓಗಿದ್ದಾಗ ಕೊರಕಲು ಬಿದ್ದಿತ್ತು. ಮಣ್ಣು ಒಸಿ ಇಳಿದದೆ."

"ಯಾವ ಗೊಬ್ಬರನೂ ಬೇಡಪ್ಪ. ಕಲ್ಲು ವಾಪಸ್ ಹಾಕು."

ಮಹಾದೇವಸ್ವಾಮಿ ಜರಡಿಯೊಳಗಿನ ಕಲ್ಲುಗಳನ್ನೇ ನೋಡುತ್ತ ಕೂತ. "ಕಾಲೇಜ್ನಲ್ಲಿ ಇದ್ನೂ ಏಳ್ಕೊಡ್ತಾರಾ?"

"ಕಾಲೇಜಲ್ಲಿ ಆಮೇಲೆ ಹೇಳಿದ್ರು," ಎಂದಳು ಲಿಖಿತಾ. "ಮೊದಲು ಹೇಳಿದ್ದು ಅಮ್ಮ."

ಹುಲ್ಲಹಳ್ಳಿಯ ಮೇಲೆ ಹೆಡಿಯಾಲಕ್ಕೆ ಹೋಗುವ ಬಸ್ಸಿನಲ್ಲಿ ಮಹಾದೇವಸ್ವಾಮಿಗೆ ಕಿಟಕಿ ಪಕ್ಕ ಜಾಗ ಸಿಕ್ಕಿತು. ಗದ್ದೆಬಯಲು ಹಿಂದೆ ಸರಿದು ಹತ್ತಿ ಹೊಲಗಳು ಬಂದವು, ಆಮೇಲೆ ನೆಲ ಕೆಂಪಾಯಿತು, ದೂರದಲ್ಲಿ ಬೆಟ್ಟದ ಸಾಲು ಎದ್ದಿತು. ಮೂವತ್ತೊಂದು ವರ್ಷದ ಹಿಂದೆ ಚಾಮುಂಡಮ್ಮನನ್ನು ಮದುವೆಯಾಗಿ ಇದೇ ದಾರಿಯಲ್ಲಿ ಕರೆತಂದಿದ್ದ. ಬೆಟ್ಟದ ಬುಡದ ಗರಸನಹುಂಡಿ ಅವಳ ತವರು. ಹೆಮ್ಮಿಗೆಗೆ ಬಂದ ಮೊದಲ ಮಳೆಗಾಲದಲ್ಲಿ ಅವಳು ಅಂಗಳದಲ್ಲಿ ನಿಂತು, ಮೊಣಕಾಲುದ್ದ ಅಂಟಿದ ಎರೆಮಣ್ಣನ್ನು ಕಡ್ಡಿಯಲ್ಲಿ ಕೆರೆಯುತ್ತ, "ನಿಮ್ಮೂರಿನ ಮಣ್ಣು ಯಾರನ್ನೂ ಬುಡಾಕಿಲ್ಲ ಕಣ್ರೀ" ಎಂದಿದ್ದಳು. ಅವನಿಗೆ ಅದು ತನ್ನೂರಿನ ಹೆಚ್ಚುಗಾರಿಕೆ ಅನ್ನಿಸಿತ್ತು.

ಅವಳಿಗೆ ಬೇಕಿದ್ದದ್ದು ಒಂದು ಮಾಗಳಿ ಬಳ್ಳಿ. ತವರಿನ ಬೆಟ್ಟದಲ್ಲಿ ಬಂಡೆಯ ಸಂದಿಗೆ ಬೇರಿಳಿಸಿಕೊಂಡು ಹಬ್ಬುವ ಬಳ್ಳಿ. ಬೆರಳು ದಪ್ಪದ ಆ ಬೇರನ್ನು ಹೆರೆದು, ನಡುವಿನ ನಾರು ತೆಗೆದು, ಮಜ್ಜಿಗೆಯಲ್ಲಿ ಉಪ್ಪಿನಕಾಯಿ ಹಾಕಿದರೆ ಮನೆಯಿಡೀ ಘಮಘಮ. ಹೊಸಬರು ತಿಗಣೆ ವಾಸನೆ ಎಂದು ಮೂಗು ಮುಚ್ಚುತ್ತಾರೆ. ಅವನೂ ಮೊದಮೊದಲು ಮುಚ್ಚಿದ್ದ. ಮೂರನೆಯ ವರ್ಷಕ್ಕೆ ಮಾಗಳಿ ಇಲ್ಲದೆ ಮೊಸರನ್ನ ಇಳಿಯದಂತಾಗಿತ್ತು.

ಮೂರು ಸಲ ಅವಳು ಹಿತ್ತಿಲಲ್ಲಿ ಬಳ್ಳಿ ನೆಟ್ಟಳು, ಮೂರು ಸಲವೂ ಬೇರು ಕೊಳೆಯಿತು. ಕೊನೆಯ ಸಲ ತವರಿನಿಂದ ಎಣ್ಣೆ ಟಿನ್ನಿನ ತುಂಬ ಗರಸು ಹೊತ್ತು ತಂದು, ಗುಣಿಗೆ ತುಂಬಿ, ಸುತ್ತ ಹರವಿ ನೆಟ್ಟಿದ್ದಳು. ಬಸ್ಸಿನಲ್ಲಿ ಕಂಡಕ್ಟರು, "ಏನವ್ವಾ, ಚಿನ್ನದ ಗಣಿಯಿಂದ ಬತ್ತಾ ಇದೀಯಾ?" ಎಂದು ಲಗೇಜು ಹಾಕಿದ್ದನಂತೆ. ಹಸುವಿನ ಗೊರಸಿಗೆ ಚುಚ್ಚುತ್ತದೆಂದು ಮಹಾದೇವಸ್ವಾಮಿ ಒಂದು ಬೆಳಿಗ್ಗೆ ಅಷ್ಟನ್ನೂ ಸಲಿಕೆಯಲ್ಲಿ ಬಾಚಿ ಬೀದಿಯ ಗುಂಡಿಗೆ ಹಾಕಿದ. ಗುಂಡಿ ಮುಚ್ಚಿದ್ದಕ್ಕೆ ಬೀದಿಯವರು ಮೆಚ್ಚಿಕೊಂಡರು. ಆ ಮಳೆಗಾಲ ಬಳ್ಳಿ ಹೋಯಿತು. ಆಮೇಲೂ ಎಷ್ಟೋ ದಿನ ಅವಳು ನೀರು ತರಲು ಹೋಗುವಾಗ ಬೀದಿಯ ಆ ಜಾಗವನ್ನು ತುಳಿಯದೆ ಬಳಸಿಕೊಂಡು ಹೋಗುತ್ತಿದ್ದಳು. ಅದನ್ನು ಅವನು ಕಂಡಿದ್ದ. ಕೇಳಿರಲಿಲ್ಲ.

ಅರಿಶಿನ ಕುಂಕುಮಕ್ಕೆಂದು ಅವಳಪ್ಪ ಬರೆದುಕೊಟ್ಟಿದ್ದ ಒಂದೂವರೆ ಎಕರೆ ಕಾಡಂಚಿನಲ್ಲಿತ್ತು. ನಾಲ್ಕು ವರ್ಷದ ಹಿಂದೆ ಅಲ್ಲಿ ಬಳ್ಳಿ ನೆಟ್ಟು ಬಂದು, "ಇನ್ನು ನಾಕು ವರ್ಸ ಕೀಳಂಗಿಲ್ಲ, ಬಲೀಲಿ" ಎಂದಿದ್ದಳು. ಹೋದ ವರ್ಷಕ್ಕೆ ಮುಂಚಿನ ದೀಪಾವಳಿಯಲ್ಲಿ ಜ್ವರವೆಂದು ಮಲಗಿದವಳು ಮತ್ತೆ ಏಳಲಿಲ್ಲ. ಅವಳು ಹಾಕಿದ ಕೊನೆಯ ಉಪ್ಪಿನಕಾಯಿ ಭರಣಿಯ ತಳದಲ್ಲಿ ಎರಡೇ ಹೋಳು ಉಳಿದಿದ್ದವು. ಅವನ್ನು ಅವನು ತಿನ್ನುತ್ತಿರಲಿಲ್ಲ. ಊಟಕ್ಕೆ ಮುಂಚೆ ಮುಚ್ಚಳ ತೆಗೆದು, ಮತ್ತೆ ಮುಚ್ಚುತ್ತಿದ್ದ. ಈಚೆಗೆ ವಾಸನೆ ಸೋರಿಹೋಗುತ್ತದೆಂದು ಅದನ್ನೂ ವಾರಕ್ಕೊಮ್ಮೆ ಮಾಡಿಕೊಂಡಿದ್ದ.

ಕಾಡಂಚಿನ ಸ್ಟಾಪಿನಲ್ಲಿ ಚಾಮುಂಡಮ್ಮನ ತಮ್ಮ ಕಲ್ಲಯ್ಯ ಕಾಯುತ್ತಿದ್ದ. ಲಿಖಿತಾ ಫೋನು ಮಾಡಿದ್ದಳು.

"ಬನ್ನಿ ಬಾವ, ಬನ್ನಿ. ಕಲ್ಲಾರಿಸೋ ಕೆಲ್ಸ ಮುಗೀತಾ? ನಮ್ಮ ಬೆಟ್ಟನೂ ಒಂದ್ಸಲ ಆರಿಸ್ಕೊಟ್ಬುಡಿ, ದೇವಸ್ಥಾನಕ್ಕೆ ಓಗೋರ್ಗೆ ಅನುಕೂಲಾಯ್ತದೆ."

"ನಗ್ಬೇಡ ಕಲ್ಲಯ್ಯ. ನೀನಾದ್ರೂ ಆವತ್ತು ಬಾಯಿ ಬುಡಬಾರ್ದಾಗಿತ್ತಾ?"

"ನಾನೆಲ್ಲಿದ್ದೆ? ಮಗಳ ಬಾಣಂತನ ಅಂತ ಸರಗೂರ್ನಲ್ಲಿದ್ದೆ. ಬಂದು ನೋಡ್ತೀನಿ, ನೆಲದ ಚರ್ಮ ಸುಲ್ದು ಅತ್ಲಾಗೆ ಗುಡ್ಡೆ ಹಾಕವ್ರೆ. ಗದ್ದೆಯೋರ ಬುದ್ದಿ ಬುಡಿ ಬಾವ. ನೀವು ಅನ್ನದಲ್ಲಿ ಕಲ್ಲು ನೋಡ್ತೀರಿ, ನಾವು ಕಲ್ಲಲ್ಲಿ ಅನ್ನ ನೋಡ್ತೀವಿ."

ಮಹಾದೇವಸ್ವಾಮಿ ಅವನ ಹಿಂದೆ ನಡೆದ.

ಹೊಲದ ತಲೆಯಲ್ಲಿ ನಿಂತು ನೋಡಿದರೆ ಇಳಿಜಾರಿನುದ್ದಕ್ಕೂ ಕೊರಕಲುಗಳು. ಅವನು ಒಪ್ಪ ಮಾಡಿದ್ದ ಮಣ್ಣು ಕೆಳಗಿನ ಆನೆ ಕಂದಕದ ಬಾಯಲ್ಲಿ ಹಪ್ಪಳದಂತೆ ಒಣಗಿ ಬಿರುಕು ಬಿಟ್ಟಿತ್ತು. ಬೇಲಿಯಾಚೆ ಕಾಡಿನ ನೆಲ ಮಾತ್ರ ಇದ್ದ ಹಾಗೇ ಇತ್ತು. ತರಗು, ತರಗಿನ ಕೆಳಗೆ ಕಲ್ಲು.

ಮಾಗಳಿ ಬಳ್ಳಿ ಒಂದು ದಿಂಡಿಗದ ಮರಕ್ಕೆ ಸುತ್ತಿಕೊಂಡಿತ್ತು. ಅದರ ಬುಡವನ್ನು ಅವನು ಹೆಚ್ಚು ಮುತುವರ್ಜಿಯಿಂದಲೇ ಆರಿಸಿದ್ದ. ಈಗ ಅಲ್ಲಿ ಮಣ್ಣು ಇಳಿದು ನಾಲ್ಕು ಬೇರು ಗೇಣುದ್ದ ಹೊರಬಿದ್ದು ಬಿಸಿಲಿಗೆ ಸುಕ್ಕುಗಟ್ಟಿದ್ದವು. ಒಂದಕ್ಕೆ ಗುದ್ದಲಿಯ ಏಟು ಬಿದ್ದ ಗುರುತು. ಯಾರ ಗುದ್ದಲಿ ಎಂದು ಕೇಳಬೇಕಾಗಿರಲಿಲ್ಲ.

ಕಲ್ಲಯ್ಯ ಕುಕ್ಕರುಗಾಲಲ್ಲಿ ಕೂತು ಬೇರನ್ನು ಹಿಸುಕಿ ನೋಡಿದ. ಮುಖ ಎತ್ತಿ ಬೆಟ್ಟದ ಮೇಲಿನ ಮೋಡ ನೋಡಿದ.

"ಒಂದು ಮಾತು ಏಳ್ತೀನಿ ಬಾವ. ಭರಣಿ ಮಳೆ ಸಾಯಂಕಾಲಕ್ಕೇ ಬಂದ್ಬುಡ್ತದೆ. ಇನ್ನೊಂದ್ ಸಲ ನೀರು ನುಗ್ಗುದ್ರೆ ಇದು ನಿಲ್ಲಾಕಿಲ್ಲ. ಈಗ್ಲೇ ಕಿತ್ಕಬುಡಿ. ಬೇರು ಬಲ್ತದೆ, ಎರಡು ಕೆ.ಜಿ.ಗೆ ಮೋಸ ಇಲ್ಲ. ಒಂದು ಭರಣಿ ತುಂಬ್ತದೆ. ಅಕ್ಕ ನೆಟ್ಟಿದ್ದು ಅಂತ ಎರಡು ವರ್ಸ ಊಟಕ್ಕಾಯ್ತದೆ."

"ಕಿತ್ರೆ ಬಳ್ಳಿ?"

"ಬಳ್ಳಿ ಎಲ್ಲಿ? ಅಷ್ಟೂ ಕಿತ್ರೆ ಮುಗೀತು."

"ಕಲ್ಲು ಮುಚ್ಚುದ್ರೆ ಉಳೀತದಾ?"

"ಉಳುದ್ರೂ ಉಳೀಬೋದು. ಓದ್ರೂ ಓಗ್ಬೋದು. ಓದ್ರೆ ಬೇರೂ ಕೊಳೀತದೆ, ಅತ್ಲಾಗೆ ಉಪ್ಪಿನ್ಕಾಯೂ ಇಲ್ಲ, ಇತ್ಲಾಗೆ ಬಳ್ಳೀನೂ ಇಲ್ಲ."

ಮಹಾದೇವಸ್ವಾಮಿ ಏಟು ಬಿದ್ದ ಬೇರಿನ ಮೇಲೆ ಬಲಗೈ ಹೆಬ್ಬೆರಳಿಟ್ಟು ಉಜ್ಜಿದ. ಒಣಗಿದ ಸಿಪ್ಪೆ ಸರಿದು ಒಳಗಿನ ಹಸಿ ಕಾಣಿಸಿತು. ಆ ವಾಸನೆ ಸಟಕ್ಕನೆ ಎದ್ದಿತು. ಭರಣಿಯ ತಳದಲ್ಲಿ ವಾರಕ್ಕೊಮ್ಮೆ ಸಿಗುವ ಉಪ್ಪುಗಟ್ಟಿದ ವಾಸನೆಯಲ್ಲ, ಅವಳು ಈಳಿಗೆಮಣೆಯ ಮುಂದೆ ಕೂತು ಬೇರು ಹೆರೆಯುವಾಗ ಬರುತ್ತಿದ್ದದ್ದು. ಅವಳ ಸೆರಗಿಗೆ, ಬಳೆಗೆ, ರಾತ್ರಿ ಹೊದ್ದ ಕಂಬಳಿಗೆ ಹತ್ತಿರುತ್ತಿದ್ದದ್ದು. ಅವನು ಬೆರಳನ್ನು ಮೂಗಿನ ಹತ್ತಿರ ಹಿಡಿದುಕೊಂಡೇ ಕೂತ. ಕಲ್ಲಯ್ಯ ಬೇರೆ ಕಡೆ ತಿರುಗಿ, ಬೇಕಿಲ್ಲದಿದ್ದರೂ ಬೇಲಿಯ ಮುಳ್ಳು ಸರಿಮಾಡತೊಡಗಿದ.

"ಗುದ್ದಲಿ ಕೊಡ್ಲಾ ಬಾವ?" ಬೇಲಿ ಬಿಟ್ಟು ಬಂದು ಕೇಳಿದ.

"ಗುದ್ದಲಿ ಬ್ಯಾಡ. ಮಂಕ್ರಿ ಕೊಡು."

ಕಲ್ಲಿನ ಗುಡ್ಡೆ ಹೊಲದ ಇನ್ನೊಂದು ಮೂಲೆಯಲ್ಲಿತ್ತು. ಕಲ್ಲಯ್ಯ ಕಾಡಂಚಿನಿಂದ ತರಗು ಕೆರೆದು ತಂದು ಬೇರಿನ ಸುತ್ತ ತುಂಬಿದ. ಮಹಾದೇವಸ್ವಾಮಿ ಮೊದಲ ಮಂಕರಿ ತಂದು ಸುರಿಯಹೋದಾಗ ಕಲ್ಲಯ್ಯ ಅವನ ಕೈ ಹಿಡಿದ.

"ಸುರೀಬೇಡಿ. ಇದೇನು ಲೋಡು ಮಣ್ಣಾ? ಒಂದೊಂದೇ ಇಡಿ. ಮಣ್ಣು ಕಚ್ಚಿರೋ ಮಗ್ಗುಲು ಕೆಳಕ್ಕೆ."

ಮಹಾದೇವಸ್ವಾಮಿ ಒಂದು ಕಲ್ಲು ಎತ್ತಿ ಹೊರಳಿಸಿ ನೋಡಿದ. ಮೇಲ್ಭಾಗ ಬಿಸಿಲಿಗೆ ಬಿಳಿಚಿತ್ತು, ಇನ್ನೊಂದು ಮಗ್ಗುಲಲ್ಲಿ ಒಣಗಿದ ಕಪ್ಪು ಮಣ್ಣು, ಅದರಲ್ಲಿ ದಾರದಂಥ ಬೇರಿನ ಗುರುತು. ಅದನ್ನು ಆರಿಸಿ ಎಸೆದ ದಿನ ಅವನು ಹೀಗೆ ಹೊರಳಿಸಿರಲಿಲ್ಲ. ಇಟ್ಟ. ಇನ್ನೊಂದನ್ನು ಎತ್ತಿ ಹೊರಳಿಸಿದ. ಇಟ್ಟ. ನಾಟಿ ಹಾಕುವವರಂತೆ ಬಗ್ಗಿ ಹಿಂದಕ್ಕೆ ಹಿಂದಕ್ಕೆ ಸರಿಯುತ್ತ ಹೋದ. ಸೊಂಟ ಹಿಡಿದುಕೊಂಡಾಗ ಕಲ್ಲಯ್ಯ, "ಅಕ್ಕ ನೋಡಿದ್ರೆ ನಗೋಳು ಬಾವ. ಮೂವತ್ತು ವರ್ಸ ಕಲ್ಲು ಬೋಮಿ, ಕಲ್ಲು ಬೋಮಿ ಅಂತ ಆಡ್ಕಂಡ್ರಿ, ಈಗ ಕಲ್ಲು ನಾಟಿ ಮಾಡ್ತಾ ಇವ್ರಿ," ಎಂದ.

"ನಗ್ಲಿ ಬುಡು," ಎಂದ ಮಹಾದೇವಸ್ವಾಮಿ.

ಬಳ್ಳಿಯ ಸುತ್ತ ಒಂದು ಮಾರಿನಷ್ಟು ಜಾಗ ಮುಚ್ಚುವ ಹೊತ್ತಿಗೆ ಗಾಳಿ ತಿರುಗಿತು. ಹೊಲವಿಡೀ ಹಾಗೇ ಉಳಿದಿತ್ತು. ಇನ್ನು ಎಷ್ಟು ದಿನದ ಕೆಲಸವೋ. ಆನೆ ಬರುವ ಹೊತ್ತಾಯಿತೆಂದು ಕಲ್ಲಯ್ಯ ಅವಸರ ಮಾಡಿದ. ಅಷ್ಟರಲ್ಲಿ ಮಳೆ ಬಂದೇಬಿಟ್ಟಿತು. ದಪ್ಪ ಹನಿಗಳು, ಮೊದಲು ಬೆಟ್ಟದ ಮೇಲೆ, ಆಮೇಲೆ ಮರಗಳ ಮೇಲೆ, ಆಮೇಲೆ ಅವರ ಮೇಲೆ. ಇಬ್ಬರೂ ದಿಂಡಿಗದ ಮರದ ಬುಡಕ್ಕೆ ಒತ್ತಿ ನಿಂತರು.

ಇಳಿಜಾರಿನ ಬೋಳು ನೆಲದಲ್ಲಿ ಕೆಂಪು ನೀರು ಓಡಿ ಬಂತು. ಹೊಸದಾಗಿ ಇಟ್ಟ ಕಲ್ಲುಗಳ ಹತ್ತಿರ ಬಂದು ತಡವರಿಸಿತು. ಸಂದಿ ಸಂದಿಯಲ್ಲಿ ಇಳಿದು ಕಾಣದಾಯಿತು. ಮತ್ತೆ ಬಂತು, ಮತ್ತೆ ತಡವರಿಸಿತು. ಮೇಲಂಚಿನ ಎರಡು ಕಲ್ಲು ಉರುಳಿದವು. ಉಳಿದವು ಸದ್ಯಕ್ಕೆ ಕೂತಿದ್ದವು.

ಮಹಾದೇವಸ್ವಾಮಿಯ ತಲೆ ನೆನೆಯುತ್ತಿತ್ತು, ಅಂಗಿ ಮೈಗಂಟಿತ್ತು. ಹೆಗಲ ಮೇಲಿನ ಟವೆಲ್ಲನ್ನು ತಲೆಗೆ ಹಾಕಿಕೊಳ್ಳದೆ, ಬಲಗೈಯ ಹೆಬ್ಬೆರಳಿಗೆ ಹನಿ ತಾಕದಂತೆ ಕೈಗೆ ಸುತ್ತಿ ಸುತ್ತಿ ಎದೆಗೆ ಒತ್ತಿಕೊಂಡು ನಿಂತಿದ್ದ.

"ಕೈಗೇನಾಯ್ತು ಬಾವ? ಕಲ್ಲು ಜಜ್ಜುತಾ?"

"ಊಂ," ಎಂದ ಮಹಾದೇವಸ್ವಾಮಿ. ಟವೆಲ್ಲನ್ನು ಇನ್ನೊಂದು ಸುತ್ತು ಸುತ್ತಿದ.