ಶಂಭುಲಿಂಗ ಮಾಸ್ತರ ಇರಾನ್ ಕೋಶ

ಅನ್ನಪೂರ್ಣವ್ವ ಕಾಗದದ ಕಂತೆಗಳನ್ನು ಚೀಲದ ತಳಕ್ಕೆ ತುರುಕಿ, ಮೇಲೆ ವಿಭೂತಿ ಗಟ್ಟಿಗಳನ್ನು ಸುರಿದು ಬಾಯಿ ಕಟ್ಟುತ್ತಿದ್ದಾಗ ಹೊರಗಿನಿಂದ ಮಗಳು ಪ್ರತಿಭಾ ಕರೆದಳು. ಅವಸರಕ್ಕೆ ಗಂಟು ಜಾರಿತು. ಪಡಸಾಲೆಯಲ್ಲಿ ತೀರಿಕೊಂಡ ಗಂಡನಿಗೆ ಹೂ ಹಾಕಿ ಕೂರಿಸಿದ್ದರು. ಸತ್ತವರೇ ಎದ್ದು ಬಂದು ಕೈ ಹಿಡಿದಾರೆಂಬ ಹೆದರಿಕೆ ಬೇರೆ.

ಆ ಕಂತೆಗಳೇ ಅವರ ಬಾಳು. ಆದಿಲಶಾಹಿ ಕಾಲದ ಕಾಗದಗಳನ್ನು ಓದಲೆಂದು ಫಾರಸಿ ಕಲಿತ ಶಂಭುಲಿಂಗ ಮಾಸ್ತರು, ಇರಾನಿನ ಅರಸರು, ಊರು, ಹಬ್ಬ, ಹಣ್ಣು ಎಲ್ಲವನ್ನೂ ಅಕಾರಾದಿಯಾಗಿ ಕನ್ನಡದಲ್ಲಿ ಹೇಳುವ ಕೋಶ ಬರೆಯಲು ಕೂತವರು ಏಳಲೇ ಇಲ್ಲ. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಎಂದು ಗುಡ್ನಾಪುರದವರು ನಕ್ಕರು. ಮುಗಿಯುವ ತನಕ ಯಾರ ಕೈಗೂ ಕೊಡೆನೆಂದು ಹಟ ಹಿಡಿದದ್ದರಿಂದ ಇನ್ನೊಂದು ಪ್ರತಿಯೂ ಇರಲಿಲ್ಲ.

ಬೆಳಿಗ್ಗೆ ಅಪ್ಪನ ಪಾದ ಹಿಡಿದು ಪ್ರತಿಭಾ ಹೇಳಿದ್ದು ಒಂದೇ ಮಾತು: “ಉಳಿದದ್ದು ನಾ ಮುಗಸ್ತೀನಪ್ಪಾ.” ಅದನ್ನು ಕೇಳಿಯೇ ಅನ್ನಪೂರ್ಣವ್ವ ಎದ್ದು ಕಂತೆಗಳಿದ್ದ ಕಪಾಟಿನ ಕಡೆ ನಡೆದಿದ್ದಳು.

*

ಹೋದ ವರ್ಷ ಇರಾನಿನ ಮೇಲೆ ಬಾಂಬು ಬಿದ್ದ ಸುದ್ದಿ ಬಂದಾಗ, ಸಾದಾ ಬಟ್ಟೆಯ ಇಬ್ಬರು ಪೊಲೀಸರು ಬಂದು ಜಗಲಿಯಲ್ಲಿ ಕೂತರು. ಮಾಸ್ತರಿಗೆ ತೆಹರಾನಿನಿಂದ ಕಾಗದ ಬರೆಯುವವರು ಯಾರು, ಮನೆಯಲ್ಲಿ ಇನ್ನಾರಿಗೆ ಆ ಭಾಷೆ ಬರುತ್ತದೆ ಎಂದು ಕೇಳಿದರು. ಮಾಸ್ತರಿಗೆ ಕೇಳುವವರು ಸಿಕ್ಕಿದ್ದೇ ಖುಷಿ. ತಮ್ಮಿಂದಲೇ ಫಾರಸಿ ಕಲಿತ ಮಗಳ ಹೆಸರನ್ನೂ ಹೆಮ್ಮೆಯಿಂದ ಹೇಳಿದರು. ಬಂದವರು ಅದನ್ನು ಬರೆದುಕೊಂಡರು.

ಮತ್ತೆ ಅವರು ಬರಲಿಲ್ಲ. ಆದರೂ ಅಂದಿನಿಂದ ಬಾಗಿಲಲ್ಲಿ ಯಾರ ನೆರಳು ಬಿದ್ದರೂ ಅನ್ನಪೂರ್ಣವ್ವ ಉಣ್ಣುವ ತಾಟು ಬಿಟ್ಟು ಎದ್ದು ಹೋಗಿ ನೋಡುತ್ತಿದ್ದಳು. ಮಗಳ ಹೆಸರು ಯಾರದೋ ಕಿಸೆಯಲ್ಲಿ ಕೂತಿತ್ತು.

*

ಹೊಲದ ಕುಣಿಯೊಳಗಿನ ಗೂಡಿನಲ್ಲಿ ಮಾಸ್ತರನ್ನು ಕೂರಿಸಿ, ಅಂಗೈಗೆ ಲಿಂಗ ಇಟ್ಟು, ಅಯ್ಯನವರಾದ ಕಲ್ಲಯ್ಯ ವಿಭೂತಿಗೆಂದು ಚೀಲಕ್ಕೆ ಕೈ ಹಾಕಿದರು. ಕೈ ಅಲ್ಲೇ ನಿಂತಿತು. ಕಾಗದದ ಅಂಚೊಂದು ಇಣುಕಿತು. ಅವರು ತಲೆಯೆತ್ತಿ ನೋಡಿದರು. ಪ್ರತಿಭಾ ಪಕ್ಕದಲ್ಲೇ ನಿಂತಿದ್ದಳು. ಅನ್ನಪೂರ್ಣವ್ವ ಸೆರಗಿನೊಳಗೇ ಕೈ ಮುಗಿದಳು.

“ಮಾಸ್ತರ ಬೆನ್ನಿಗೆ ಒಂದೀಟು ಆಸರ ಬೇಕ್ರಿ,” ಎಂದು ಕಲ್ಲಯ್ಯ ಚೀಲವನ್ನು ಹಾಗೇ ಹಿಂದೆ ಸಿಕ್ಕಿಸಿದರು.

ಉಪ್ಪು, ಪತ್ರಿ, ಮಣ್ಣು ಬಿದ್ದವು. ಮಣ್ಣು ಏರಿದಂತೆ ಅವಳ ಉಸಿರು ಸಡಿಲಾಯಿತು. ಗಂಡನನ್ನು ಎರಡು ಸಲ ಹೂತೆನಲ್ಲಾ ಎಂದು ಆಗ ಅಳು ಒತ್ತರಿಸಿ ಬಂತು.

*

ಮೈ ತೊಳೆದು ಬಂದ ಪ್ರತಿಭಾ ಕಪಾಟು, ಟ್ರಂಕು, ಅಟ್ಟ ಎಲ್ಲ ಹುಡುಕಿದಳು. ಕೊನೆಗೆ ಅವ್ವನ ಮುಖ ನೋಡಿದಳು. ನೋಡಿದ ಮೇಲೆ ಹುಡುಕುವುದನ್ನು ಬಿಟ್ಟಳು.

“ಹೌದು, ನಾನ ಕುಣಿಯಾಗ ಹಾಕೇನಿ,” ಎಂದಳು ಅನ್ನಪೂರ್ಣವ್ವ. “ಅವರು ಹೋದರು. ನೀ ಇರಬೇಕು.”

ಮಗಳು ಬೈಯಲಿಲ್ಲ. ಗೋಡೆಗೆ ಆತು ಬಹಳ ಹೊತ್ತು ಅತ್ತಳು. ಆಮೇಲೆ ಎದ್ದು ಬಿಳಿ ಹಾಳೆ ತಂದು ಅವ್ವನ ಎದುರು ಕೂತಳು.

“ನಿನಗ ಓದಿ ಹೇಳದೇ ಅಪ್ಪ ಒಂದು ಪದಾನೂ ದಾಟಿಲ್ಲ. ಮೊದಲನೇದ್ದು ಅಂಗೂರು. ಏನ ಬರದಿದ್ದರು, ಹೇಳು.”

ನನಗೇನೂ ಗೊತ್ತಿಲ್ಲ ಎನ್ನಲು ಅನ್ನಪೂರ್ಣವ್ವ ಬಾಯಿ ತೆರೆದಳು.

“ಅಲ್ಲಿ ಕೆಲವು ಕಡೆ ದ್ರಾಕ್ಷಿ ಬಳ್ಳಿಗೆ ಚಪ್ಪರ ಹಾಕಂಗಿಲ್ಲ,” ಎಂಬ ಮಾತು ಬಂತು. “ನೆಲದ ಮ್ಯಾಲ ಬಿಡತಾರ.”

ಪೆನ್ನು ಓಡತೊಡಗಿತು. ಅನ್ನಪೂರ್ಣವ್ವ ಎದ್ದು ಹೋಗಿ ಬೀದಿ ಬಾಗಿಲ ಅಗಳಿ ಹಾಕಿ ಬಂದು, ಮುಂದಿನ ಸಾಲು ಹೇಳಿದಳು.