ಫಳಫಳಕ್ಕ ಗುಡಿಸದ ಮೂಲೆ

ಫಳಫಳಕ್ಕನ ಮನೆಯಲ್ಲಿ ನೆಲದ ಮೇಲೇ ಊಟ ಬಡಿಸಿಕೊಳ್ಳಬಹುದು, ಅಷ್ಟು ಚೊಕ್ಕಟ. ದೊಡ್ಡ ಆಫೀಸೊಂದರಲ್ಲಿ ಹನ್ನೆರಡು ವರ್ಷದಿಂದ ಗುಡಿಸಿ ಒರೆಸುವ ಕೈ ಅದು, ಮನೆಗೆ ಬಂದರೂ ಸುಮ್ಮನಿರುವುದಿಲ್ಲ. ಆ ಹೆಸರು ಓಣಿಯವರು ಇಟ್ಟದ್ದು. ಆಕೆಗೂ ಒಳಗೊಳಗೇ ಹೆಮ್ಮೆ.

ಅಂಥ ಮನೆಯಲ್ಲಿ ಹುಟ್ಟಿದ ಮಗಳಿಗೆ ಹುಚ್ಚು ಯಾವುದರದ್ದು ಅಂತೀರಿ? ಜೇಡದ್ದು. ಕಿಟಕಿಯ ಮೇಲೆ ಅಮ್ಮನ ಕೈಗೆಟುಕದ ಮೂಲೆಯಲ್ಲಿದ್ದ ಬಲೆಯನ್ನು ದಿನಾ ನೋಡಿ, ಕಂಡದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದಳು ಆ ಹನ್ನೊಂದು ವರ್ಷದ ಹುಡುಗಿ. ಒಂದು ಭಾನುವಾರ ಅಮ್ಮ ಉದ್ದ ಕೋಲಿನ ಪೊರಕೆ ತಂದು ಬಲೆ, ಜೇಡ ಎರಡನ್ನೂ ಒಂದೇ ಏಟಿಗೆ ತೆಗೆದು ಹೊರಗೆ ಹಾಕಿದಳು. "ಓದೋ ಹೊತ್ತಲ್ಲಿ ಗೋಡೆ ನೋಡ್ಕೊಂಡು ಕೂರ್ತಾಳೆ" ಎಂದು ಬೈದಳು ಕೂಡ.

ಮಗಳು ಅಳಲಿಲ್ಲ. ಅತ್ತಿದ್ದರೆ ಎಷ್ಟೋ ವಾಸಿಯಿತ್ತು. ಅವತ್ತಿನಿಂದ ಮಾತೇ ನಿಂತಿತು. ಏನು ಕೇಳಿದರೂ "ಹೂಂ", ಇಲ್ಲವೇ "ಉಹೂಂ". ಬಾಯಿ ಮುಚ್ಚದೆ ವಟಗುಟ್ಟುತ್ತಿದ್ದ ಮಗು, ತಾಯಿ ಬಂದ ಕೂಡಲೇ ಗೋಡೆಗೆ ಮುಖ ಮಾಡಿ ಮಲಗುವುದನ್ನು ಕಂಡು ಫಳಫಳಕ್ಕನಿಗೆ ತಡೆಯಲಾಗಲಿಲ್ಲ. ಪಕ್ಕದ ಮನೆಯ ನರ್ಸಮ್ಮನ ಹತ್ತಿರ ಹೇಳಿಕೊಂಡಳು.

"ಒಂದು ಹುಳಕ್ಕೋಸ್ಕರ ಹೆತ್ತ ತಾಯಿ ಮೇಲೆ ಮುನಿಸಾ ಅಕ್ಕಾ? ಅದರಿಂದ ನಾಲ್ಕು ಮಾರ್ಕ್ಸ್ ಜಾಸ್ತಿ ಬರೋ ಹಾಗಿದ್ರೆ ಆ ಮಾತು ಬೇರೆ."

"ನಿನಗದು ಹುಳ ಕಣೇ, ಅವಳಿಗೆ ಅದೇ ಪ್ರಪಂಚ. ಆ ನೋಟ್‌ಬುಕ್ ಒಂದಿನನಾದ್ರೂ ತೆಗೆದು ನೋಡಿದ್ದೀಯಾ?"

"ನನಗೆಲ್ಲಿ ಪುರುಸೊತ್ತು? ನೋಡಿದ್ರೂ ನನಗೇನು ತಿಳಿಯುತ್ತೆ?"

"ತಿಳೀದಿದ್ರೆ ಇನ್ನೂ ಒಳ್ಳೇದು, ಅವಳನ್ನೇ ಕೇಳು. ಮಾರ್ಕ್ಸಿನ ಮಾತು ಮಾತ್ರ ತೆಗೀಬೇಡ. ನಿನಗೆ ನಿಜವಾಗ್ಲೂ ಗೊತ್ತಿಲ್ಲದ್ದನ್ನ ಕೇಳು, ಕೇಳಿ ಸುಮ್ಮನೆ ಕೂತ್ಕೋ. ದಿನಕ್ಕೆ ಹತ್ತು ನಿಮಿಷ ಸಾಕು."

ಸಂಜೆ ಫಳಫಳಕ್ಕ ಮಗಳ ಪಕ್ಕ ಕುಳಿತಳು. ಆಫೀಸಿನ ದೊಡ್ಡ ಸಾಹೇಬರಿಗೂ ಹೆದರದವಳು ಇಲ್ಲಿ ಅಳುಕುತ್ತಲೇ ಕೇಳಿದಳು, "ನಮ್ಮ ಆಫೀಸಿನ ಮೆಟ್ಟಿಲ ಹತ್ರದ ಕಿಟಕೀಲಿ ದಿನಾ ಬಲೆ ತೆಗೀತೀನಿ. ಬೆಳಗ್ಗೆ ಹೋದ್ರೆ ಮತ್ತೆ ಅಲ್ಲೇ ಇರುತ್ತೆ. ಅಷ್ಟು ಬೇಗ ಹೇಗೆ ಕಟ್ಟುತ್ತೆ ಪುಟ್ಟಾ?"

ಗೋಡೆಯ ಕಡೆಯಿದ್ದ ಮುಖ ಮೆಲ್ಲಗೆ ತಿರುಗಿತು.

"ದುಂಡಗಿರುತ್ತಾ ಅಮ್ಮಾ, ಚಕ್ರದ ಹಾಗೆ?"

"ಹೂಂ, ದುಂಡಗೇ."

ದಿಂಬಿನ ಕೆಳಗಿಂದ ನೋಟ್‌ಬುಕ್ ಹೊರಬಂತು. "ಆ ಜಾತಿ ಜೇಡಕ್ಕೆ ಬಲೆ ಹೆಣೆಯೋಕೆ ಒಂದು ಗಂಟೆ ಸಾಕು. ನೀನು ತೆಗೀದಿದ್ರೂ ಹಳೇ ನೂಲನ್ನೇ ತಿಂದು ಮತ್ತೆ ಹೊಸ ಬಲೆ ಹೆಣೆಯುತ್ತೆ. ದೊಡ್ಡ ಬಲೆ ಕಟ್ಟೋದೆಲ್ಲ ಹೆಚ್ಚಾಗಿ ಹೆಣ್ಣೇ ಗೊತ್ತಾ?"

"ಅಲ್ಲೂ ಹೆಣ್ಣೇನಾ ದುಡಿದು ಸಾಯೋದು" ಎಂದಳು ತಾಯಿ.

ಮಗಳು ಕಿಲಕಿಲ ನಕ್ಕಳು. ಆ ನಗು ಕೇಳಿ ಎಂಟು ದಿನವಾಗಿತ್ತು. ಫಳಫಳಕ್ಕ ಅಂಗೈಯಿಂದ ಕಣ್ಣೊರೆಸಿಕೊಂಡು, "ತಪ್ಪಾಯ್ತು ಕಣೇ, ನಿನ್ನ ಕೇಳದೆ ಗುಡಿಸಿಬಿಟ್ಟೆ" ಎಂದಳು.

ಕಿಟಕಿಯ ಮೂಲೆಗೆ ಇನ್ನೊಂದು ಜೇಡ ಬಂತು. ಮೊನ್ನೆ ಮನೆಗೆ ಬಂದ ನಾದಿನಿ ತಲೆಯೆತ್ತಿ ನೋಡಿ, "ಏನತ್ತಿಗೆ, ನಿಮ್ಮನೇಲೂ ಜೇಡರ ಬಲೆನಾ?" ಎಂದು ಪೊರಕೆಗೆ ಕೈ ಹಾಕಿದಳು.

"ಮುಟ್ಟಬೇಡ" ಎಂದಳು ಫಳಫಳಕ್ಕ. "ಅದು ಬಂದು ಇವತ್ತಿಗೆ ಹದಿನಾರನೇ ದಿನ, ನೋಟ್‌ಬುಕ್ಕಲ್ಲಿ ಬರೆದಿದೆ. ಆ ಮೂಲೆ ನನ್ನ ಮಗಳದ್ದು."

ಅಪ್ಪಂದಿರೇ, ಅಮ್ಮಂದಿರೇ, ನಿಮ್ಮ ಮಗು ಕಲ್ಲು ಆರಿಸುತ್ತಿರಬಹುದು, ಖಾಲಿ ಡಬ್ಬ ಬಡಿಯುತ್ತಿರಬಹುದು. ಇದರಿಂದೇನು ಪ್ರಯೋಜನ ಎನ್ನುವ ಮೊದಲು ಪಕ್ಕದಲ್ಲಿ ಕುಳಿತು, "ಇದೇನು ಪುಟ್ಟಾ, ನನಗೂ ಹೇಳು" ಅನ್ನಿ. ಹತ್ತು ನಿಮಿಷ ಕೇಳಿಸಿಕೊಳ್ಳಿ. ಇವತ್ತೇ ಶುರು ಮಾಡಿ, ಮಗು ನಿಮಗೆ ಹೇಳುವುದನ್ನೇ ಬಿಡುವ ಮೊದಲು.