ಮೊದಲು ಮೇಲಿನ ಓಣಿಗೆ

ಸಂಘಮಿತ್ರಾ ನೀಲಿ ಡ್ರಮ್ಮಿನೊಳಗೆ ಸೊಂಟದ ತನಕ ಬಗ್ಗಿ, ತಳದಲ್ಲಿ ಉಳಿದ ನೀರನ್ನು ಚೊಂಬಿನಿಂದ ಗೋರುತ್ತಿದ್ದಳು. ಚೊಂಬು ತಳಕ್ಕೆ ಉಜ್ಜಿ ಕರಕರ ಸದ್ದಾಗುತ್ತಿತ್ತೇ ಹೊರತು ಕೊಡ ತುಂಬುವ ಲಕ್ಷಣವಿರಲಿಲ್ಲ. ಪಡಸಾಲೆಯಲ್ಲಿ ಅವಳ ಅಪ್ಪ ಜಂಬುನಾಥ, ಊರವರ ಬಾಯಲ್ಲಿ ಜಂಬಣ್ಣ, ಹುಟ್ಟಿದಾಗಿನಿಂದ ಮೊದಲ ಸಲ ಬಾಯಿ ಮುಚ್ಚಿಕೊಂಡು ಮಲಗಿದ್ದ. ಅವನಿಗೆ ಕೊನೆಯ ಸ್ನಾನ ಮಾಡಿಸಬೇಕಿತ್ತು. ಮನೆಯಲ್ಲಿ ನೀರಿರಲಿಲ್ಲ.

"ಬ್ಯಾರೆ ದಿನ ಸಾಯಾಕ ಬರ್ತಿದ್ದಿಲ್ಲೇನು ಈ ಮನುಷ್ಯಗ?" ಎಂದು ಅವ್ವ ಹಂಪಕ್ಕ ಸೆರಗಿನಿಂದ ಮೂಗೊರೆಸಿಕೊಂಡಳು. "ಸರಿಯಾಗಿ ನಳ ಬರೋ ದಿನಾನ ಆರಿಸ್ಯಾನ. ಇವತ್ತು ಓಣ್ಯಾಗ ಯಾರ ಮನ್ಯಾಗ ನೀರಿರ್ತಾವು?"

ಅವಳು ಹೇಳಿದ್ದು ನಿಜವೇ. ಕುರುಗೋಡಿನ ಆ ಮೂಲೆಯಲ್ಲಿ ಮೇಲಿನ ಓಣಿಗೂ ಕೆಳಗಿನ ಓಣಿಗೂ ಒಂದೇ ಪೈಪು. ಪಾಳಿಯ ದಿನ ಬೆಳಿಗ್ಗೆ ಕೆಳಗಿನ ಓಣಿಗೆ ನೀರು, ಅವರು ಕೊಡ, ಹಂಡೆ, ಕೊನೆಗೆ ಚಹದ ಲೋಟಗಳನ್ನೂ ತುಂಬಿಕೊಂಡ ಮೇಲೆ ಸಂಜೆ ಹೊತ್ತಿಗೆ ಮೇಲಿನ ಓಣಿಗೆ. ಹಾಗಾಗಿ ನಳ ಬರುವ ದಿನ ಬೆಳಿಗ್ಗೆ ಮೇಲಿನ ಓಣಿಯ ಪ್ರತಿ ಡ್ರಮ್ಮೂ ತಳ ಕಾಣುತ್ತಿತ್ತು. ಇದು ತಪ್ಪು, ಟ್ಯಾಂಕು ತುಂಬಿರುವಾಗಲೇ ನೀರು ಏರಿಗೆ ಜೋರಾಗಿ ಹತ್ತುವುದು, ಮೊದಲು ಮೇಲಿನ ಓಣಿಗೆ ಬಿಡಬೇಕು ಎಂಬುದು ಜಂಬಣ್ಣನ ಅಭಿಪ್ರಾಯವಾಗಿತ್ತು. ಅವನಿಗಿದ್ದ ನೂರಾರು ಅಭಿಪ್ರಾಯಗಳಲ್ಲಿ ಇದಕ್ಕೇ ಅಗ್ರಪೂಜೆ.

ಸಂಘಮಿತ್ರಾ ನೀರು ಬಿಡುವ ಪರಶುವಿಗೆ ಫೋನು ಮಾಡಿದಳು.

"ಪರಶಣ್ಣ, ಒಂದೀಟು ಹೊತ್ತು ನಮ್ಮ ಓಣಿ ಕಡಿ ಬಿಡ್ತೀಯೇನು? ಅಪ್ಪಗ ನೀರು ಹಾಕಬೇಕು."

"ತಂಗಿ, ನನಗೂ ಸಂಕಟ ಆಗ್ತೈತಿ," ಎಂದ ಪರಶು. "ಆದ್ರ ಕೆಳಗಿನ ಓಣಿಯವರು ಆಗ್ಲೇ ಕೊಡ ಹಚ್ಚ್ಯಾರ. ಈಗ ಬಂದ್ ಮಾಡಿದ್ರ ನಿಮ್ಮಪ್ಪನ ಬಾಜೂಕ ನನ್ನೂ ಮಲಗಿಸ್ತಾರ."

ಅವಳಿಗೆ ನೀರಿಗಿಂತ ದೊಡ್ಡ ಚಿಂತೆ ಇನ್ನೊಂದಿತ್ತು. ಅಪ್ಪನ ಹಿಂದೆ ನಡೆಯಲು ಯಾರಾದರೂ ಬರುತ್ತಾರೆಯೇ? ಊರಿನಲ್ಲಿ ಅವನ ನಾಲಿಗೆಯ ಏಟು ತಿನ್ನದವರೇ ಇರಲಿಲ್ಲ. ಬೆಳಗಿನಿಂದ ಬಂದವರು ಬೀಗರು ನಾಲ್ಕು ಮಂದಿ ಮಾತ್ರ. ಅವನು ಬಳ್ಳಾರಿ, ಸಿರುಗುಪ್ಪ ದಾರಿಯ ಬಸ್ಸುಗಳಲ್ಲಿ ಕಂಡಕ್ಟರಾಗಿ ತಲೆ ಹಣ್ಣು ಮಾಡಿಕೊಂಡವನು. ಕೊನೆಯ ಪ್ರಯಾಣಕ್ಕೆ ಬಸ್ಸು ಖಾಲಿ ಹೊರಡುವುದನ್ನು ಮಗಳು ನೋಡಲಾರಳಾಗಿದ್ದಳು. ಒಂದು ಬಸ್ಸಿನಷ್ಟು ಜನ ಬಂದರೆ ಸಾಕು, ನಿಂತವರೂ ಸೇರಿ, ಎಂದು ಅವಳು ಮನಸ್ಸಿನಲ್ಲೇ ಬೇಡಿಕೊಂಡಳು.

*

ಎರಡೂ ಓಣಿ ಕೂಡುವ ಕಡೆ ಮಾರೆಣ್ಣನ ಚಹದಂಗಡಿ, ಅದರ ಮುಂದೆ ಒಂದು ಕಲ್ಲಿನ ಕಟ್ಟೆ. ರಿಟೈರ್ ಆದಮೇಲೆ ಜಂಬಣ್ಣ ದಿನಾ ಬೆಳಿಗ್ಗೆ ಅಲ್ಲಿ ಹಾಜರ್. ಮಾರೆಣ್ಣನ ಪೇಪರನ್ನು ಮಾರೆಣ್ಣನಿಗಿಂತ ಮೊದಲು ಬಿಚ್ಚುತ್ತಿದ್ದ. ಮೊದಲ ಪುಟ ಮುಟ್ಟುತ್ತಿರಲಿಲ್ಲ. "ದಿಲ್ಲಿ ನೋಡ್ಕಣಾಕ ದಿಲ್ಲ್ಯಾಗ ಮಂದಿ ಅದಾರ," ಎಂದು ನೇರವಾಗಿ ಜಿಲ್ಲೆಯ ಪುಟಕ್ಕೆ ಬರುತ್ತಿದ್ದ.

ತೆಕ್ಕಲಕೋಟೆಯಲ್ಲಿ ರಸ್ತೆ ಮೇಲೆ ಭತ್ತ ಒಣಗಿಸುವವರನ್ನು ಏನು ಮಾಡಬೇಕು, ಕೆಂಚನಗುಡ್ಡದ ಹತ್ತಿರ ಹೊಳೆಗಿಳಿಯುವ ಹುಡುಗರಿಗೆ ಯಾರು ಬುದ್ಧಿ ಹೇಳಬೇಕು, ಬಳ್ಳಾರಿಯ ಸಿಗ್ನಲ್ಲಿನಲ್ಲಿ ಹಸಿರು ದೀಪ ಎಷ್ಟು ಹೊತ್ತು ಉರಿಯಬೇಕು, ಎಲ್ಲದಕ್ಕೂ ಅವನಲ್ಲಿ ತೀರ್ಪು ತಯಾರಿರುತ್ತಿತ್ತು. ಬಸ್ಸಿನ ಹಿಂದಿನ ಸೀಟಿಗೂ ಮುಟ್ಟುವಂತೆ ಕೂಗಿ ಪಳಗಿದ ಗಂಟಲು. ಚಹ ಕುಡಿಯದೆ ದಾರಿಯಲ್ಲಿ ಹೋಗುತ್ತಿದ್ದವರಿಗೂ ತೀರ್ಪು ಪುಕ್ಕಟೆ ಸಿಗುತ್ತಿತ್ತು.

ವಾರ್ಡಿನ ಮೆಂಬರು ಕೊಟ್ರಬಸಮ್ಮ ಒಂದು ದಿನ ಆ ದಾರಿಯಲ್ಲಿ ಬಂದಾಗ ಇದೇ ಗಂಟಲು ಎದ್ದಿತು.

"ಅಕ್ಕಾರ, ವೋಟು ಹಾಕಿದ್ದು ನಿಮಗ. ಮೀಟಿಂಗಿಗೆ ಹೋಗೋದು ನಿಮ್ಮ ಯಜಮಾನ್ರು. ನಾಳೆ ನನಗ ಟಿಕೆಟ್ ಕೊಟ್ಟು ನನ್ನ ಹೆಂಡ್ತೀನ ಬಸ್ ಹತ್ತಿಸಿದ್ರ ಹೆಂಗಿರ್ತೈತಿ?"

ಕಟ್ಟೆ ಮೇಲಿದ್ದವರು ನಗು ತಡೆಯಲು ಚಹಕ್ಕೆ ಮುಖವಿಟ್ಟರು. ಕೊಟ್ರಬಸಮ್ಮ ಕೆಂಪಗಾಗಿ ಹೋದವಳು ಆಮೇಲೆ ಆ ದಾರಿಯನ್ನೇ ಬಿಟ್ಟು ಸುತ್ತು ಹಾಕಿ ಓಡಾಡತೊಡಗಿದಳು.

ಇನ್ನು ನಳ ಬಂತೆಂದರೆ ಜಂಬಣ್ಣ ಪೇಪರು ಮಡಚಿ ಕಿವಿ ನಿಮಿರಿಸಿ ಕೂರುತ್ತಿದ್ದ. ಯಾರದಾದರೂ ಡ್ರಮ್ಮು ತುಂಬಿ ಚರಂಡಿಗೆ ಚೆಲ್ಲಿದ ಸದ್ದು ಕೇಳಿತೋ, ಆ ಕೂಗು ಎದ್ದೇ ಏಳುತ್ತಿತ್ತು: "ಯಾರ ಮನಿ ನಳ ಅದು? ಬಂದ್ ಮಾಡ್ರಲೇ!" ಒಲೆ ಮುಂದಿದ್ದವರು, ಸ್ನಾನಕ್ಕೆ ಕೂತವರು, ಎಲ್ಲರೂ ಎದ್ದು ತಮ್ಮ ತಮ್ಮ ನಳ ಮುಟ್ಟಿ ನೋಡುತ್ತಿದ್ದರು.

*

ಮೊದಲು ಬಂದವನು ಮಾರೆಣ್ಣ. ಎರಡೂ ಕೈಯಲ್ಲಿ ಅಂಗಡಿಯ ನೀರಿನ ಕ್ಯಾನು.

"ಇವತ್ತು ಚಹ ಬಂದ್, ಮಿತ್ರವ್ವ," ಎಂದ ಅವನು ಕ್ಯಾನು ಇಳಿಸುತ್ತ. "ನಿಮ್ಮಪ್ಪ ಇಲ್ಲದ ಕಟ್ಟಿ ಮ್ಯಾಲ ಯಾರು ಕೂಡ್ತಾರ? ಬೆಳಗಿಂದ ಪೇಪರ್ ಹಂಗ ಬಿದ್ದೈತಿ. ಜಿಲ್ಲಾ ಪುಟ ನಾ ಓದಿದೆ. ಒಂದೂ ತಿಳೀಲಿಲ್ಲ. ಯಾರ್ನ ಬೈಬೇಕು ಅಂತನ ಗೊತ್ತಾಗವಲ್ದು."

ಸಂಘಮಿತ್ರಾಳಿಗೆ ಅಳು ಬಂದಿತು. ಅದರ ಹಿಂದೆಯೇ ನಗುವೂ ಬಂದಿತು. ಅಷ್ಟರಲ್ಲಿ ಅಂಗಳದಲ್ಲಿ ಗಲಗಲ ಸದ್ದಾಯಿತು. ಹೊರಗೆ ಬಂದು ನೋಡಿದರೆ ಕೆಳಗಿನ ಓಣಿಯ ಹೆಂಗಸರು ಸೊಂಟದ ಮೇಲೆ ತುಂಬಿದ ಕೊಡ ಇಟ್ಟುಕೊಂಡು ಏರು ಹತ್ತಿ ಬರುತ್ತಿದ್ದರು. ಎಲ್ಲರ ಮುಂದೆ, ಜರಿ ಸೀರೆಯಲ್ಲಿ, ನೀರು ತುಳುಕಿಸುತ್ತ, ಮೆಂಬರು ಕೊಟ್ರಬಸಮ್ಮ. ಆಕೆ ಈ ಓಣಿಗೆ ಬರುತ್ತಿದ್ದುದು ವೋಟಿಗೆ ಮಾತ್ರ. ಬಂದರೂ ಯಾವ ಹೊಸ್ತಿಲನ್ನೂ ದಾಟಿದವಳಲ್ಲ. ಇವತ್ತು ಯಾರನ್ನೂ ಕೇಳದೆ ದಾಟಿ ಒಳಗೆ ಬಂದು, ಕೊಡವನ್ನು ಜಂಬಣ್ಣನ ಪಕ್ಕದಲ್ಲೇ ಇಳಿಸಿದಳು.

"ಏನವ್ವ, ನೀವು ಹೊತ್ಕಂಡು ಬಂದ್ರ್ಯಾ?" ಎಂದು ಹಂಪಕ್ಕ ಗಾಬರಿಯಾದಳು.

"ಮತ್ತೇನು ನನ್ನ ಗಂಡನ್ನ ಕಳಸ್ಲ್ಯಾ?" ಎಂದಳು ಕೊಟ್ರಬಸಮ್ಮ ಏದುಸಿರು ಬಿಡುತ್ತ. "ಅದಕ್ಕೂ ಈ ಮನುಷ್ಯ ಎದ್ದು ಕುಂತು ಏನರ ಅಂದಾನು. ಅವತ್ತು ಅನ್ನಿಸ್ಕಂಡ ಮ್ಯಾಲ ಹಟಕ್ಕ ಬಿದ್ದು ನಾನ ಮೀಟಿಂಗಿಗೆ ಹೋಗಾಕ ಹತ್ತೀನಿ, ಹಂಪಕ್ಕ. ಮೊದಲ್ನೇ ಮೀಟಿಂಗಿನ್ಯಾಗ ಸರ್ಕಲ್ ಲೈಟಿನ ಬಗ್ಗೆ ಕೇಳಿದೆ. ಪೇಪರಿನ್ಯಾಗ ಹೆಸರು ಬಂತು. ಜಂಬಣ್ಣ ಮೆಚ್ಕಂತಾನ ಅಂತ ಬೇಕಂತ ಕಟ್ಟಿ ಮುಂದ ಹಾದು ಬಂದೆ. ಏನಂದ ಗೊತ್ತೈತೇನು? 'ಅಕ್ಕಾರ, ಲೈಟು ಆಮ್ಯಾಲ. ಮೊದ್ಲು ನೀರು ಕೇಳಬೇಕಿತ್ತು' ಅಂದ!"

ಪಡಸಾಲೆಯಲ್ಲಿ ಕೂತವರೆಲ್ಲ ಗೊಳ್ಳೆಂದು ನಕ್ಕು, ಹೆಣದ ಮುಂದೆ ನಕ್ಕೆವಲ್ಲ ಎಂದು ಗಪ್ಪಾದರು. ಹಂಪಕ್ಕ ಮಾತ್ರ ನಗು ನಿಲ್ಲಿಸಲಾರದೆ ಗೋಡೆಗೆ ಮುಖ ಮಾಡಿದಳು. ಜಂಬಣ್ಣ ಅವತ್ತು ಮಿಂದಷ್ಟು ನೀರನ್ನು ಆ ಮನೆಯ ಬಚ್ಚಲು ಯಾವ ಹಬ್ಬದಲ್ಲೂ ಕಂಡಿರಲಿಲ್ಲ.

*

ಸಂಘಮಿತ್ರಾ ಸಿರುಗುಪ್ಪದಲ್ಲಿ ನರ್ಸು. ದಿನಾ ಬೆಳಿಗ್ಗೆ ಅವಳು ಡ್ಯೂಟಿಗೆ ಹೊರಡುವ ಹೊತ್ತಿಗೆ ಅಪ್ಪನ ಫೋನು ಬರುತ್ತಿತ್ತು. ಕ್ಷೇಮ ಸಮಾಚಾರದ ಗೊಡವೆಯಿಲ್ಲ, ನೇರವಾಗಿ ಊರಿನ ಸುದ್ದಿ. ಅವಳು ಸ್ಪೀಕರು ಹಾಕಿ ಫೋನನ್ನು ಒಲೆಯ ಪಕ್ಕ ಇಟ್ಟು ಬುತ್ತಿ ಕಟ್ಟುತ್ತಿದ್ದಳು.

"ಕೇಳಾಕತ್ತೀಯೇನು?"

"ಹೂಂ ಅಪ್ಪ."

"ಎಲ್ಲಿ ಕೇಳ್ತಿ? ಇರ್ಲಿ ಬಿಡು, ನಾ ನಿನ್ನ ಕುಕ್ಕರಿಗೆ ಹೇಳ್ತೀನಿ. ಅದು ನಡು ನಡುವ ಸೀಟಿ ಹೊಡದು ಹೌದಂತೈತಿ."

ಒಂದು ದಿನ ಮಾತ್ರ ಅವನ ದನಿ ತಗ್ಗಿತ್ತು. ಬೀದಿಯಲ್ಲಿ ಯಾರದೋ ಶವಯಾತ್ರೆ ಹೋಗಿದ್ದನ್ನು ನೋಡಿ ಬಂದಿದ್ದನಂತೆ. "ಮಿತ್ರಾ, ನನ್ನ ಮುಂದ ಹಲಗಿ ಬ್ಯಾಡ. ನಮ್ಮಪ್ಪ, ನಮ್ಮಜ್ಜ ಊರ ಹೆಣದ ಮುಂದೆಲ್ಲ ಬಾರ್ಸಿ ಬಾರ್ಸಿ ಕೈ ಸೋತು ಸತ್ರು. ಅವರ ಮುಂದ ಯಾರು ಬಾರ್ಸಿದ್ರು? ಬುದ್ಧಂ ಶರಣಂ ಅನ್ರಿ, ಸುಮ್ಮಕ ನಡೀರಿ."

"ಸುಮ್ಮಕಾ? ನಿನ್ನ ಹಿಂದ?" ಎಂದು ಅವಳು ನಕ್ಕಿದ್ದಳು.

"ಹೌದಲೇ. ಒಂದಿನ ಆದ್ರೂ ಊರು ಸುಮ್ಮಕಿದ್ದು ನೋಡ್ಲಿ, ಏನೇನು ಕೇಳಿಸ್ತೈತಿ ಅಂತ."

*

ಅವನ ಮಾತಿನಂತೆ ಪಡಸಾಲೆಯಲ್ಲಿ ತ್ರಿಶರಣ ಹೇಳಿ, ಹಲಗೆಯಿಲ್ಲದೆ ಚಟ್ಟ ಎತ್ತಿದರು. ಮೇಲಿನ ಓಣಿಯ ಗಂಡಸರು ಹೆಗಲು ಕೊಟ್ಟರು. ಸಂಘಮಿತ್ರಾ ಬಾಗಿಲಲ್ಲಿ ತಿರುಗಿ ನೋಡಿ ಬೆರಗಾದಳು. ಓಣಿ ತುಂಬ ಜನ. ಬೈಸಿಕೊಂಡವರು, ಜಗಳ ಆಡಿದವರು, ಅವನನ್ನು ಕಂಡರೆ ಸುತ್ತು ಹಾಕಿ ಹೋಗುತ್ತಿದ್ದವರು, ಎಲ್ಲರೂ ಬಂದಿದ್ದರು. ಒಂದು ಬಸ್ಸೇನು, ಎರಡು ಬಸ್ಸಿಗೂ ಹೆಚ್ಚಾಗಿದ್ದರು. ಅವಳ ಎದೆ ತುಂಬಿ ಬಂತು.

ಮೆರವಣಿಗೆ ಮೌನವಾಗಿ ಇಳಿಜಾರಿನಲ್ಲಿ ಸಾಗಿತು. ಚಪ್ಪಲಿಯ ಸದ್ದು ಬಿಟ್ಟರೆ ಬೇರೇನಿಲ್ಲ. ಚಟ್ಟ ಮಾರೆಣ್ಣನ ಅಂಗಡಿ ಮುಟ್ಟಬೇಕು, ಅಷ್ಟರಲ್ಲಿ ಹಿಂದಿನಿಂದ ಒಂದು ಸದ್ದು ಕೇಳಿಸಿತು. ಸುಂಯ್… ಗೊಳಗೊಳ… ಸುಂಯ್…

ಹಲಗೆ ಬಾರಿಸುತ್ತಿದ್ದರೆ ಯಾರಿಗೂ ಕೇಳುತ್ತಿರಲಿಲ್ಲ. ಈಗ ಎಲ್ಲರಿಗೂ ಕೇಳಿತು. ಮೇಲಿನ ಓಣಿಯ ನಳಗಳು ಗಾಳಿ ಉಗುಳುತ್ತಿದ್ದವು.

ಹಿಂದಿನ ಸಾಲಿನಲ್ಲಿ ಒಬ್ಬ ಮೆಲ್ಲಗೆ ಜಾರಿದ. ಅವನ ಹಿಂದೆ ಇಬ್ಬರು. ಆಮೇಲೆ ನಾಚಿಕೆ ಬಿಟ್ಟು ಗುಂಪುಗುಂಪಾಗಿ ಓಡಿದರು. ಹೆಗಲು ಕೊಟ್ಟವರ ಸ್ಥಿತಿ ಯಾರಿಗೂ ಬೇಡ. ಕಾಲು ಮುಂದೆ, ಕಣ್ಣು ಹಿಂದೆ. ಚಟ್ಟ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲಿತು.

ಕ್ಷಣ ಹೊತ್ತು ಸಂಘಮಿತ್ರಾಳಿಗೆ ಮೈಯೆಲ್ಲ ಉರಿಯಿತು. ತುಂಬಿದ ಬಸ್ಸು ಕಣ್ಣೆದುರಲ್ಲೇ ಖಾಲಿಯಾಗುತ್ತಿತ್ತು. ಆದರೆ ಈ ಹೊತ್ತಿನಲ್ಲಿ ಅಪ್ಪನ ಅಭಿಪ್ರಾಯವೇನು ಎಂಬುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಇಳಸ್ರಿ," ಎಂದಳು. "ಕಟ್ಟಿ ಮ್ಯಾಲ ಇಳಸ್ರಿ. ಹೋಗಿ ನೀರು ತುಂಬ್ಕಂಡು ಬರ್ರಿ. ಅಪ್ಪ ಇಲ್ಲೇ ಕುಂದ್ರತಿದ್ದ, ಕಾಯ್ತಾನ."

ಚಟ್ಟ ಕಟ್ಟೆಗೆ ಮುಟ್ಟಿದ್ದೇ ತಡ, ಹೊತ್ತವರು ಮಾಯ. ಉಳಿದವರು ಮಾರೆಣ್ಣ ಮತ್ತು ಕೆಳಗಿನ ಓಣಿಯ ಜನ. ಜಂಬಣ್ಣ ಜೀವಮಾನವಿಡೀ ಯಾರ ಮೇಲೆ ಹರಿಹಾಯ್ದಿದ್ದನೋ ಅವರೇ ಈಗ ಅವನನ್ನು ಕಾಯುತ್ತ ನಿಂತರು.

ಪರಶು ಬೈಕು ಬಿಸಾಕಿ ಓಡಿ ಬಂದ. ಚಟ್ಟ ಇನ್ನೂ ಅಲ್ಲೇ ಇರುವುದನ್ನು ಕಂಡು ತಲೆ ಮೇಲೆ ಕೈ ಹೊತ್ತುಕೊಂಡ.

"ಅಯ್ಯೋ ತಂಗಿ, ನೀವು ಊರ ಹೊರಗ ಹೋಗಿರ್ತೀರಿ ಅಂತ ಬಿಟ್ಟೆನಲ್ಲ! ಹೆಣ ಎದ್ದ ಮ್ಯಾಲ ಮನಿ ತೊಳ್ಯಾಕ, ಮಣ್ಣಿನಿಂದ ಬಂದೋರು ಮೈ ತೊಳ್ಕಣಾಕ ನೀರು ಬೇಕಲ್ಲ. ಮೆಂಬರ್ ಅಕ್ಕಾರು ಕೆಳಗಿಂದು ಬಂದ್ ಮಾಡಿ ಮ್ಯಾಲಕ ಬಿಡು ಅಂದ್ರು. ಬಿಟ್ಟೆ."

ಸಂಘಮಿತ್ರಾ ಕೊಟ್ರಬಸಮ್ಮನ ಕಡೆ ನೋಡಿದಳು.

"ನನ್ನ ಹಂಡೇನೂ ಅರ್ಧ ಐತಿ," ಎಂದಳು ಕೊಟ್ರಬಸಮ್ಮ, ಬೇರೆಲ್ಲೋ ನೋಡುತ್ತ. "ಇರ್ಲಿ ತಗಾ. ಇವತ್ತೊಂದಿನ ಆತ ಹೇಳಿದಂಗ ಆಗ್ಲಿ."

"ಅಲ್ಲ ಅಕ್ಕಾರ, ಪ್ರೆಷರ್ ನೋಡ್ರಿ!" ಎಂದ ಪರಶು ಮೇಲಿನ ಓಣಿಯತ್ತ ಕೈ ಮಾಡಿ. "ಟ್ಯಾಂಕು ಅರ್ಧ ಇರುವಾಗ ಬಿಟ್ರನ ಇಷ್ಟು ಜೋರು ಬರ್ತಾವು. ಜಂಬಣ್ಣ ಬಡ್ಕಂಡಿದ್ದು ಬರೋಬರಿ ಐತಲ್ಲ!"

ಸಂಘಮಿತ್ರಾ ಕಟ್ಟೆಯ ಅಂಚಿನಲ್ಲಿ ಅಪ್ಪನ ಕಾಲಬಳಿ ಕೂತು, ಕಣ್ಣೀರು ಇಳಿಯುವಷ್ಟು ನಕ್ಕಳು. ಈ ಮಾತು ಕೇಳಲು ಅವನು ಎಷ್ಟು ವರ್ಷ ಕಾದಿದ್ದ! ಕೇಳಬೇಕಾದ ದಿನ ಹೀಗೆ ಸುಮ್ಮನೆ ಮಲಗಿದ್ದನಲ್ಲ!

ಓಡಿದವರು ಒಬ್ಬೊಬ್ಬರೇ ತಿರುಗಿ ಬರತೊಡಗಿದರು. ಪಂಚೆ ಒದ್ದೆ, ತೋಳು ಒದ್ದೆ, ಮುಖದಲ್ಲಿ ಕಳ್ಳಕಳೆ. ಓಣಿ ಮತ್ತೆ ತುಂಬಿತು. ಹೆಗಲು ಕೊಡುವವರು ಕೈ ಒರೆಸಿಕೊಂಡು ಚಟ್ಟಕ್ಕೆ ಬಗ್ಗಿದರು. ಅಷ್ಟರಲ್ಲಿ ಮೇಲಿನಿಂದ ನೀರು ಸಣ್ಣಗೆ ಇಳಿದು ಬಂದು, ಕಟ್ಟೆಯ ಬುಡ ತೋಯಿಸಿ, ಕೆಳಗಿನ ಓಣಿಯತ್ತ ಹರಿಯಿತು. ಯಾರದೋ ಡ್ರಮ್ಮು ತುಂಬಿ ಚೆಲ್ಲುತ್ತಿತ್ತು.

"ಯಾರ ಮನಿ ನಳ ಅದು? ಬಂದ್ ಮಾಡ್ರಲೇ!"

ಕೂಗಿದವಳು ಸಂಘಮಿತ್ರಾ. ಆದರೆ ನೆರೆದ ಜನವೆಲ್ಲ ಬೆಚ್ಚಿಬಿದ್ದು ತಿರುಗಿ ನೋಡಿದ್ದು ಚಟ್ಟದ ಕಡೆಗೆ.